ಶಿಬಿರ ಮುಗಿದ ಮೇಲೆ

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಭೈಷಜ್ಯವು ಒಂದೇ ದಿನದಲ್ಲಿ ಮುಗಿಯುವಂಥದಲ್ಲ. ಗ್ಲಾಕೋಮಾ ಎಂಬ ನೇತ್ರವ್ಯಾಧಿಯ ವಿಷಯದಲ್ಲಂತೂ ಈ ಮಾತು ಅಕ್ಷರಶಃ ಸತ್ಯ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ನೇತ್ರ ಶಿಬಿರವೆಂದೊಡನೆ ಜನರಿಗೆ ನೆನಪಾಗುವುದು ಪೊರೆಯ ಶಸ್ತ್ರಚಿಕಿತ್ಸೆ. ಪೊರೆ ಬಂದವನಿಗೆ ಮಬ್ಬು ತಿಳಿಯುತ್ತದೆ. ಅವನೇ ವೈದ್ಯರನ್ನು ಅರಸಿ ಬರುತ್ತಾನೆ. ಪೊರೆ ತೆಗೆದರೆ ನೋಟ ಮರಳುತ್ತದೆ. ಗ್ಲಾಕೋಮಾದ ರೀತಿ ಬೇರೆ. ಅದರ ಸಾಮಾನ್ಯ ಬಗೆಯಲ್ಲಿ ನೋವಿಲ್ಲ, ಕೆಂಪಿಲ್ಲ. ದೃಷ್ಟಿನರವು ಮೆಲ್ಲನೆ ಸವೆದು, ಮೊದಲು ಅಂಚಿನ ನೋಟ ಹೋಗುತ್ತದೆ. ಕಡಲೆಕಾಯಿ ಹೊಲದ ಬದುವಿನಲ್ಲಿ ಎಡವಿದ ರೈತನು ಅದನ್ನು ವಯಸ್ಸಿನ ದೋಷವೆಂದೇ ಭಾವಿಸುತ್ತಾನೆ. ಶಿಬಿರಕ್ಕೆ ಬಂದರೂ ಅವನು ಫಲಕದ ಕೊನೆಯ ಸಾಲನ್ನು ಗುರುತಿಸಿ, ನಿಶ್ಚಿಂತನಾಗಿ ಮನೆಗೆ ಮರಳಬಹುದು.

ಕಣ್ಣಿನ ಒತ್ತಡವು ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ಅದನ್ನು ಅಳೆದರಷ್ಟೇ ಸಾಲದು. ಒತ್ತಡ ಈ ಮಿತಿಯೊಳಗಿದ್ದೂ ನರ ಸವೆಯುವವರಿದ್ದಾರೆ. ವೈದ್ಯರು ನರದ ಬುಡವನ್ನೇ ನೋಡಬೇಕು. 2003ರಲ್ಲಿ ಪ್ರಕಟವಾದ, ದಕ್ಷಿಣ ತಮಿಳುನಾಡಿನ ಹಳ್ಳಿಗಳ ಸಮೀಕ್ಷೆಯಲ್ಲಿ ಈ ರೋಗವಿದ್ದ 10 ಜನರಲ್ಲಿ 9 ಮಂದಿಗೆ ಅದರ ಅರಿವೇ ಇರಲಿಲ್ಲ.

ತಪಾಸಣೆಯ ಅಗತ್ಯ ಇಷ್ಟರಿಂದಲೇ ಸ್ಪಷ್ಟ. ಆದರೆ ಧರ್ಮಸಂಕಟ ಆರಂಭವಾಗುವುದು ಅನಂತರ. ಹೋದ ನೋಟ ಮರಳದು. ಉಳಿದುದನ್ನು ಕಾಪಾಡಲು ಬಹುತೇಕರು ಜೀವನಪರ್ಯಂತ ನಿತ್ಯವೂ ಹನಿ ಹಾಕಿಕೊಳ್ಳಬೇಕು. ಒಂದು ಸೀಸೆ ಮುಗಿದರೂ ಕಣ್ಣು ತಿಳಿಯಾಗದ್ದನ್ನು ಕಂಡು ಬಡವನು ಎರಡನೆಯದನ್ನು ಕೊಳ್ಳುವುದಿಲ್ಲ. ಶಿಬಿರದ ವರದಿಯಲ್ಲಿ ಮಾತ್ರ ಅವನು ‘ಪರೀಕ್ಷಿಸಲ್ಪಟ್ಟವರ’ ಸಂಖ್ಯೆಗೆ ಸೇರಿರುತ್ತಾನೆ. ರೋಗದ ಹೆಸರು ಹೇಳಿ ಔಷಧದ ದಾರಿ ತೋರದಿದ್ದರೆ, ದಾನಿಯು ಅಭಯಕ್ಕೆ ಬದಲಾಗಿ ಭಯವನ್ನೇ ಕೊಟ್ಟಂತಾಗುತ್ತದೆ.

ಆದುದರಿಂದ ಶಿಬಿರ ನಡೆಸುವ ಬಸದಿಯ ಟ್ರಸ್ಟು ಚಪ್ಪರದ ವೆಚ್ಚಕ್ಕಿಂತ ಮೊದಲು ಹನಿಯ ವೆಚ್ಚವನ್ನು ಎಣಿಸಬೇಕು. ರೋಗ ಪತ್ತೆಯಾದವರ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ತಿಂಗಳಿಗೊಮ್ಮೆ ವಿಚಾರಿಸಬೇಕು. ಅವರ ಒಡಹುಟ್ಟಿದವರಿಗೂ ಮಕ್ಕಳಿಗೂ ಅಪಾಯ ಹೆಚ್ಚು, ಅವರನ್ನೂ ಕರೆಯಿಸಬೇಕು. ಪಾವಗಡದಲ್ಲಿ ಶ್ರೀ ಶಾರದಾದೇವಿ ಕಣ್ಣಿನ ಆಸ್ಪತ್ರೆಯಿದೆ. ಕೊರಟಗೆರೆಯವರಿಗೆ ತುಮಕೂರು ಸಮೀಪ. ಕೆಲವರಿಗೆ ಬೇಕಾದುದು ಬಸ್ಸಿನ ಖರ್ಚು ಮತ್ತು ಜೊತೆಗೊಬ್ಬರು ಮಾತ್ರ.

ಸಾವಿರ ಜನರನ್ನು ಪರೀಕ್ಷಿಸಿ ಮರೆಯುವುದಕ್ಕಿಂತ, ನೂರು ಜನರನ್ನು ಪರೀಕ್ಷಿಸಿ, ಅವರಲ್ಲಿ ರೋಗ ಕಂಡ ಇಬ್ಬರು ಮೂವರನ್ನು ಹತ್ತು ವರ್ಷ ನೆನಪಿನಲ್ಲಿಟ್ಟುಕೊಳ್ಳುವುದು ದೊಡ್ಡ ಸೇವೆ. ಅಂಥವರಿಗೆ ನೋಟ ಬಂದಿತೆಂದು ಯಾರೂ ಹೊಗಳುವುದಿಲ್ಲ. ಇದ್ದ ನೋಟ ಉಳಿದಿರುತ್ತದೆ, ಅಷ್ಟೇ. ದಾನಕ್ಕೆ ಅಷ್ಟು ಫಲ ಸಾಲದೇ?