ಬುಲ್ಸ್‌ಗೆ ಕೋಚ್ ಸಿಕ್ಕರು, ನಮ್ಮೂರ ಹುಡುಗರಿಗೆ?

2024ರ ಡಿಸೆಂಬರ್ ಕೊನೆಗೆ ಪ್ರೊ ಕಬಡ್ಡಿಯ ಹನ್ನೊಂದನೇ ಸೀಸನ್ ಮುಗಿದಾಗ ಬೆಂಗಳೂರು ಬುಲ್ಸ್ ಹನ್ನೆರಡು ತಂಡಗಳಲ್ಲಿ ಹನ್ನೆರಡನೇ ಸ್ಥಾನದಲ್ಲಿತ್ತು. ಆಡಿದ್ದು 22 ಪಂದ್ಯ, ಗೆದ್ದಿದ್ದು 2. ಆಮೇಲೆ ಕೆಲವು ತಿಂಗಳು ವೇಮಗಲ್‌ನಲ್ಲಿ ನಾವು ಎಲ್ಲಿ ನಿಂತರೂ ಒಂದೇ ಮಾತು ಕಿವಿಗೆ ಬೀಳುತ್ತಿತ್ತು: ಮುಂದಿನ ಕೋಚ್ ಯಾರು?

ನೀವೂ ಈ ಮಾತು ಆಡಿರುತ್ತೀರಿ. ಟೀ ಅಂಗಡಿ ಮುಂದೆ, ಹಾಲಿನ ಡೈರಿ ಹತ್ತಿರ, ನರಸಾಪುರದ ಕಡೆ ಶಿಫ್ಟಿಗೆ ಹೋಗುವ ಹುಡುಗರು ಬಸ್ಸಿಗೆ ಕಾಯುವ ಜಾಗದಲ್ಲಿ. ಟೊಮೆಟೊ ರೇಟು ಎಷ್ಟು ಅಂತ ಶುರುವಾದ ಮಾತೂ ಬುಲ್ಸ್‌ಗೆ ಬಂದು ನಿಲ್ಲುತ್ತಿತ್ತು.

ನಾವು ಪತ್ರಿಕೋದ್ಯಮ ಓದಿ ಊರಿಗೆ ಬಂದವರು. ಮಾತು ಕೇಳಿಸಿಕೊಳ್ಳುವುದು ನಮ್ಮ ಕೆಲಸ. ಕೇಳುತ್ತಾ ಕೇಳುತ್ತಾ ಊರಲ್ಲಿ ನಾಲ್ಕು ಪಂಗಡ ಇರುವುದು ಗೊತ್ತಾಯಿತು.

ಮೊದಲನೆಯದು ಮನ್‌ಪ್ರೀತ್ ಸಿಂಗ್ ಪಂಗಡ. ಆ ಸೀಸನ್‌ನಲ್ಲಿ ಹರಿಯಾಣ ಸ್ಟೀಲರ್ಸ್‌ಗೆ ಕಪ್ ಗೆಲ್ಲಿಸಿಕೊಟ್ಟ ಕೋಚ್ ಅವರು. "ಆವಯ್ಯ ಗೆರೆ ಪಕ್ಕ ನಿಂತು ಕೂಗಿದ್ರೆ ಕೂತೋನೂ ಎದ್ದು ಆಡ್ತಾನೆ, ಅಂಥೋರು ಬೇಕು ಗುರು" ಅನ್ನುವವರು.

ಎರಡನೆಯದು ನಮ್ಮೋರೇ ಬರಲಿ ಅನ್ನುವ ಪಂಗಡ. ಇವರ ಬಾಯಲ್ಲಿ ಒಂದೇ ಹೆಸರು, ಬಿ.ಸಿ. ರಮೇಶ್. ಅರ್ಜುನ ಪ್ರಶಸ್ತಿ ಪಡೆದ ಕನ್ನಡಿಗ ಆಟಗಾರ. ಕೋಚ್ ಆಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್‌ಗೆ ಕಪ್ ಗೆಲ್ಲಿಸಿಕೊಟ್ಟವರು. "ಬೇರೆಯೋರ ಮನೆಗೆಲ್ಲಾ ದೀಪ ಹಚ್ಚಿ ಬಂದವ್ರೆ, ನಮ್ಮನೇಲಿ ಕತ್ಲು" ಅಂತ ಒಬ್ಬ ಹೇಳಿದಾಗ ಬಸ್ಸಿಗೆ ಕಾಯುತ್ತಿದ್ದವರೆಲ್ಲ ನಕ್ಕರು.

ಮೂರನೆಯದು ವಯಸ್ಸಾದವರ ಪಂಗಡ. ರಣಧೀರ್ ಸಿಂಗ್ ಸೆಹ್ರಾವತ್ 2014ರ ಮೊದಲ ಸೀಸನ್‌ನಿಂದಲೂ ಬುಲ್ಸ್ ಜೊತೆ ಇದ್ದವರು. 2015ರಲ್ಲಿ ತಂಡ ಫೈನಲ್ ತಲುಪಿತ್ತು. 2019ರ ಜನವರಿ 5ರಂದು ಮುಂಬೈನಲ್ಲಿ ಗುಜರಾತ್ ತಂಡವನ್ನು 38-33ರಿಂದ ಸೋಲಿಸಿ ಕಪ್ ಎತ್ತಿತ್ತು. ಆ ಫೈನಲ್ಲಿನಲ್ಲಿ ಪವನ್ ಸೆಹ್ರಾವತ್ ಒಬ್ಬರೇ 22 ಪಾಯಿಂಟ್ ತಂದಿದ್ದು ನಿಮಗೆ ನೆನಪಿರಬೇಕು. "ಹಸು ಒಂದು ಸೂಲು ಹಾಲು ಕಮ್ಮಿ ಕೊಟ್ರೆ ಸಂತೆಗೆ ಹೊಡೀತೀರೇನ್ರೋ?" ಅಂತ ಒಬ್ಬ ತಾತ ಕೇಳಿದರು. ಅದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ನಾಲ್ಕನೆಯ ಪಂಗಡ ನಮ್ಮ ಕೋಲಾರ ಜಿಲ್ಲೆಗೇ ವಿಶೇಷ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಮಾತಾಡುವ ಗೆಳೆಯರು. ಮುಳಬಾಗಿಲು, ಶ್ರೀನಿವಾಸಪುರ ಕಡೆ ಹೋದಷ್ಟೂ ಇವರು ಜಾಸ್ತಿ. ಇವರು ಒಂದು ಕಾಲು ಬುಲ್ಸ್‌ನಲ್ಲಿ, ಇನ್ನೊಂದು ಕಾಲು ತೆಲುಗು ಟೈಟನ್ಸ್‌ನಲ್ಲಿ ಇಟ್ಟವರು. ಪವನ್‌ನನ್ನು 2023ರ ಹರಾಜಿನಲ್ಲಿ ಟೈಟನ್ಸ್ 2.605 ಕೋಟಿಗೆ ಕೊಂಡ ಮೇಲೆ ಎರಡೂ ಕಾಲು ಅಲ್ಲೇ ಇಟ್ಟುಬಿಟ್ಟರು. ಹನ್ನೊಂದನೇ ಸೀಸನ್‌ನ ಮೊದಲ ಪಂದ್ಯದಲ್ಲೇ ಟೈಟನ್ಸ್ ಬುಲ್ಸ್‌ನ ಸೋಲಿಸಿತ್ತಲ್ಲ, ಆ ಉಮೇದು ಬೇರೆ. "ಮೀಕು ಕಾವಲಸಿಂದಿ ಕೋಚ್ ಕಾದುರಾ, ಪವನ್" ಅಂತ ಕಿಚಾಯಿಸುತ್ತಿದ್ದರು. ನಿಮಗೆ ಬೇಕಿರೋದು ಕೋಚ್ ಅಲ್ಲ, ಪವನ್ ಅಂತ.

ಈ ಕಿಚಾಯಿಸುವ ಮಾತೇ ನಮ್ಮನ್ನು ಯೋಚನೆಗೆ ಹಚ್ಚಿತು. ಒಳ್ಳೆಯ ರೈಡರ್ ಇದ್ದರೆ ಸಾಕಾ? ಹನ್ನೊಂದನೇ ಸೀಸನ್‌ನಲ್ಲಿ ಬುಲ್ಸ್ ಹತ್ತಿರ ಪರ್ದೀಪ್ ನರ್ವಾಲ್ ಇದ್ದರು. ಪ್ರೊ ಕಬಡ್ಡಿಯಲ್ಲಿ ಅವರಷ್ಟು ರೈಡ್ ಪಾಯಿಂಟ್ ಅಷ್ಟು ಹೊತ್ತಿಗೆ ಇನ್ಯಾರೂ ಗಳಿಸಿರಲಿಲ್ಲ. ಆದರೂ ತಂಡ ಕೊನೆಗೆ ಬಂತು. ಒಬ್ಬ ರೈಡರ್ ಔಟಾಗಿ ಹೊರಗೆ ಕೂತರೆ ಅವನನ್ನು ಮತ್ತೆ ಒಳಗೆ ತರಬೇಕಾದವರು ಉಳಿದ ಆರು ಜನ. ಅವರು ಎದುರಾಳಿ ರೈಡರನ್ನು ಹಿಡಿಯಬೇಕು, ಇಲ್ಲ ತಾವೇ ಹೋಗಿ ಪಾಯಿಂಟ್ ತರಬೇಕು. ಅದು ಆಗದಿದ್ದರೆ ಎಂಥ ದೊಡ್ಡ ಹೆಸರಿನವನೂ ಬೆಂಚಿನ ಮೇಲೆ ಕೂತು ಟವಲ್ಲಿನಲ್ಲಿ ಮುಖ ಒರೆಸಿಕೊಳ್ಳಬೇಕು.

ಕೊನೆಗೆ ಹನ್ನೆರಡನೇ ಸೀಸನ್‌ಗೆ ಬಿ.ಸಿ. ರಮೇಶ್ ಅವರೇ ಬಂದರು. ಬುಲ್ಸ್ ಕಪ್ ಗೆದ್ದ ಆರನೇ ಸೀಸನ್‌ನಲ್ಲೂ ಅವರು ಈ ತಂಡದ ಕೋಚಿಂಗ್ ಬಳಗದಲ್ಲಿ ಇದ್ದವರೇ. ಎರಡನೇ ಪಂಗಡದವರು ಊರಿಗೆಲ್ಲ ಟೀ ಕುಡಿಸಿದರು.

ಆದರೆ 2025ರ ಆಗಸ್ಟ್ ಕೊನೆಗೆ ಸೀಸನ್ ಶುರುವಾಗಿ ಬುಲ್ಸ್ ಮೊದಲ ಮೂರು ಪಂದ್ಯ ಸೋತಾಗ ಅದೇ ಜನ ಮತ್ತೆ ಬಾಯಿ ತೆರೆದರು. "ನಮ್ಮೋರು ಅಂತ ಅಂದ್ಕೊಂಡಿದ್ವಿ, ಇವರೂ ಅಷ್ಟೇನಾ?" ಆಮೇಲೆ ತಂಡ ಗೆಲ್ಲಲು ಶುರು ಮಾಡಿತು. ಇರಾನ್‌ನಿಂದ ಬಂದ ಅಲಿರೇಜಾ ಮಿರ್ಜಾಯನ್ ಅನ್ನುವ ರೈಡರ್ ಹೆಸರು ನಮ್ಮೂರ ಮಕ್ಕಳ ಬಾಯಲ್ಲಿ ಬರತೊಡಗಿತು. ದೀಪಕ್ ಶಂಕರ್, ಯೋಗೇಶ್ ಅಂಥ ಡಿಫೆಂಡರ್‌ಗಳ ಬಗ್ಗೆಯೂ ಮಾತು ಬಂತು. ಲೀಗ್ ಮುಗಿದಾಗ ಬುಲ್ಸ್ ಮೂರನೇ ಸ್ಥಾನದಲ್ಲಿತ್ತು. ಫೈನಲ್ ತಲುಪಲಿಲ್ಲ, ಕಪ್ ದೆಹಲಿಗೆ ಹೋಯಿತು. ಆದರೂ ಹಿಂದಿನ ಸಲ ಕೊನೆಯಲ್ಲಿದ್ದ ತಂಡ ಮೂರಕ್ಕೆ ಬಂದಿತ್ತು.

ಕೋಚ್ ಕನ್ನಡದವರು ಅನ್ನುವ ಖುಷಿ ನಮಗೂ ಇದೆ. ಆದರೆ ಗೆಲ್ಲಿಸಿದ್ದು ಭಾಷೆ ಅನ್ನಲಾಗದು. ಇರಾನಿನ ಹುಡುಗನಿಗೆ ಕನ್ನಡ ಎಲ್ಲಿಂದ ಬರಬೇಕು?

ಆ ಸೀಸನ್ ಪೂರ್ತಿ ನಾವು ಫೋನಿನಲ್ಲಿ ಪಂದ್ಯ ನೋಡುವಾಗ ಒಂದು ಕೆಲಸ ಮಾಡಿದೆವು. ಟೈಮ್‌ಔಟ್ ಬಂದಾಗ ಎಲ್ಲರೂ ಎದ್ದು ಹೋಗುತ್ತಾರೆ, ನಾವು ಅಲ್ಲೇ ಕೂತು ಕೋಚ್‌ಗಳು ಆಟಗಾರರಿಗೆ ಏನು ಹೇಳುತ್ತಾರೆ ಅಂತ ಕಿವಿಗೊಟ್ಟೆವು. ಯಾವ ತಂಡದವರೇ ಆಗಲಿ, ಭಾಷಣ ಮಾಡುವವರು ಕಡಿಮೆ. ಹೇಳುವುದೆಲ್ಲ ಸಣ್ಣ ಸಣ್ಣ ಮಾತು. ಬೋನಸ್ ಹೋದರೆ ಹೋಗಲಿ, ನೀನು ಮುಂದೆ ನುಗ್ಗಬೇಡ. ಪಕ್ಕದವನ ಕೈ ಬಿಡಬೇಡ. ಕಾರ್ನರ್‌ನವನು ಕಾಲಿಗೆ ಬಿದ್ದ ಕೂಡಲೇ ಕವರ್‌ನವನು ಬರಬೇಕು, ಅರ್ಧ ಗಳಿಗೆ ತಡವಾದರೂ ರೈಡರ್ ಗೆರೆ ಮುಟ್ಟುತ್ತಾನೆ. ಇನ್ನೊಂದು ಮಾತೂ ಇತ್ತು: ನೀನು ಈಗ ಹೊರಗೆ ಕೂತ್ಕೋ.

ಈ ಕೊನೆಯ ಮಾತೇ ನಮ್ಮನ್ನು ಊರಿನ ಮೈದಾನಕ್ಕೆ ಎಳೆದು ತಂದಿತು.

ನಮ್ಮ ಹೋಬಳಿಯಲ್ಲಿ ಕಬಡ್ಡಿ ಆಡದ ಊರಿಲ್ಲ. ಜಾತ್ರೆ, ರಾಜ್ಯೋತ್ಸವ, ಯಾರದೋ ಹುಟ್ಟುಹಬ್ಬ ಅಂತ ಹೊನಲು ಬೆಳಕಿನ ಪಂದ್ಯಾವಳಿ ನಡೆಯುತ್ತಲೇ ಇರುತ್ತವೆ. ಬ್ಯಾನರ್ ಇರುತ್ತದೆ, ಆಳೆತ್ತರದ ಟ್ರೋಫಿ ಇರುತ್ತದೆ, ಕಿವಿ ಕಿತ್ತುಹೋಗುವ ಸೌಂಡ್ ಸಿಸ್ಟಂ ಇರುತ್ತದೆ. ತಂಡದ ಜೊತೆ ಒಬ್ಬ ಮ್ಯಾನೇಜರ್ ಇರುತ್ತಾನೆ, ಅವನ ಕೆಲಸ ಎಂಟ್ರಿ ಫೀಸು ಕಟ್ಟುವುದು, ಬಾಳೆಹಣ್ಣು ತರುವುದು, ಅಂಪೈರ್ ಜೊತೆ ಜಗಳ ಆಡುವುದು. ಕೋಚ್ ಮಾತ್ರ ಇರುವುದಿಲ್ಲ.

ನಮ್ಮ ಕಡೆಯ ಒಬ್ಬ ಹುಡುಗನ ಕಥೆ ಹೇಳುತ್ತೇವೆ, ಹೆಸರು ಬೇಡ. ಬಲಗಡೆ ಕಾರ್ನರ್‌ನಲ್ಲಿ ನಿಂತರೆ ರೈಡರ್‌ಗಳು ಎಡಗಡೆಗೆ ಓಡುತ್ತಿದ್ದರು, ಅಂಥ ಹಿಡಿತ. ಚಿಕ್ಕಂದಿನಿಂದ ಮಣ್ಣಿನಲ್ಲಿ ಆಡಿದವನು. ಒಂದು ಪಂದ್ಯಾವಳಿಯಲ್ಲಿ ಮ್ಯಾಟ್ ಹಾಸಿದ್ದರು. ಮಣ್ಣಿನಲ್ಲಿ ಕಾಲು ಸ್ವಲ್ಪ ಜಾರುತ್ತದೆ, ಮ್ಯಾಟ್ ಮೇಲೆ ಅಂಟಿಕೊಂಡು ನಿಲ್ಲುತ್ತದೆ. ಮೈ ಒಂದು ಕಡೆ ತಿರುಗಿತು, ಪಾದ ತಿರುಗಲಿಲ್ಲ. ಮಂಡಿಯಲ್ಲಿ ಟಕ್ ಅಂತ ಶಬ್ದ ಬಂದಿದ್ದು ಪಕ್ಕದವನಿಗೂ ಕೇಳಿಸಿತಂತೆ. ಸ್ಪ್ರೇ ಹೊಡೆದರು, ಬಟ್ಟೆ ಬಿಗಿದರು. ಅರ್ಧ ಗಂಟೆ ಬಿಟ್ಟು ಸೆಮಿಫೈನಲ್ ಆಡಿದ. ಜನ ಚಪ್ಪಾಳೆ ತಟ್ಟಿದರು. ಆ ರಾತ್ರಿಯಾದ ಮೇಲೆ ಅವನು ಆಡಲಿಲ್ಲ.

ಲಿಗಮೆಂಟ್ ಹರಿದಿದೆ, ಆಪರೇಷನ್ ಬೇಕು ಅಂತ ಆಮೇಲೆ ಡಾಕ್ಟರು ಹೇಳಿದರು. ಅಪ್ಪ ಹಸು ಮಾರಿದರು. ಈಗ ಅವನು ನಡೆಯುತ್ತಾನೆ, ಗಾಡಿ ಓಡಿಸುತ್ತಾನೆ, ಆದರೆ ಎಂಟು ಗಂಟೆ ನಿಂತು ಮಾಡುವ ಕೆಲಸ ಆಗುವುದಿಲ್ಲ. ಸುತ್ತ ಕಾರ್ಖಾನೆ ಇದ್ದರೂ ಅವನಿಗೆ ಸಿಗುವ ಕೆಲಸ ಕಡಿಮೆ.

ಮಂಡಿ ತಿರುಗುವುದನ್ನು ಯಾವ ಕೋಚೂ ತಡೆಯಲಾರರು ಅನ್ನಬಹುದು. ದೊಡ್ಡ ತಂಡಗಳಲ್ಲೂ ಆಟಗಾರರಿಗೆ ಪೆಟ್ಟಾಗುತ್ತದೆ. ಆದರೆ ಮಣ್ಣಿನಿಂದ ಮ್ಯಾಟಿಗೆ ಬರುವ ಮುಂಚೆ ಎಂಥ ಶೂ ಬೇಕು, ಕಾಲು ಹೇಗೆ ತಿರುಗಿಸಬೇಕು ಅಂತ ಹೇಳಿಕೊಡುವುದು ಕೋಚ್ ಕೆಲಸ. ಪೆಟ್ಟಾದ ಮೇಲೆ "ಸಾಕು ಮಗಾ, ಕೂತ್ಕೋ" ಅನ್ನುವುದು ಅದಕ್ಕಿಂತ ದೊಡ್ಡ ಕೆಲಸ. ಹದಿನೆಂಟರ ಹುಡುಗ ತಾನಾಗಿ ಕೂರುವುದಿಲ್ಲ. ಗೆಳೆಯರು ಹೇಳಿದರೆ ಕೇಳುವುದಿಲ್ಲ. ಅವನು ಬಯ್ದುಕೊಂಡಾದರೂ ಮಾತು ಕೇಳುವಂಥ ಒಬ್ಬರು ಗೆರೆಯಾಚೆ ನಿಂತಿರಬೇಕು.

ಹೆಣ್ಣುಮಕ್ಕಳಿಗಂತೂ ಪಂದ್ಯಾವಳಿಯೂ ಇಲ್ಲ, ಕೋಚೂ ಇಲ್ಲ. ದಸರಾ ಕ್ರೀಡಾಕೂಟ ಬಂದಾಗ ಹದಿನೈದು ದಿನ ಅಭ್ಯಾಸ, ತಾಲ್ಲೂಕಿನಲ್ಲಿ ಸೋತರೆ ಮುಂದಿನ ವರ್ಷದವರೆಗೆ ಮೌನ. ಭಾರತಕ್ಕೆ 2010 ಮತ್ತು 2014ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದುಕೊಟ್ಟ ಮಮತಾ ಪೂಜಾರಿ ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯವರು. ಅದೂ ಹಳ್ಳಿಯೇ.

ಇಷ್ಟೆಲ್ಲ ಮಾತಾಡಿಕೊಂಡ ಮೇಲೆ ನಾವು ಒಬ್ಬ ನಿವೃತ್ತ ಪಿ.ಟಿ. ಮೇಷ್ಟ್ರ ಹತ್ತಿರ ಹೋದೆವು. "ಸಾರ್, ಊರಿಗೆ ಒಬ್ಬ ಕೋಚ್ ಬೇಕು, ಎಲ್ಲಿಂದ ತರೋದು? ಪಟಿಯಾಲದಲ್ಲಿ ಡಿಪ್ಲೊಮಾ ಮಾಡಿದೋರು ಬೇಕಾ?" ಅಂತ ಕೇಳಿದೆವು.

ಅವರು ಎಲೆ ಅಡಿಕೆ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು, "ಓದಿದೋರು ಸಿಕ್ರೆ ಒಳ್ಳೇದೇ, ತಾಲ್ಲೂಕು ಕ್ರೀಡಾ ಇಲಾಖೆಗೆ ಅರ್ಜಿ ಕೊಡ್ರಪ್ಪ. ಅಲ್ಲೀಗಂಟ ಆ ಮಂಡಿ ಹೋದ ಹುಡುಗನ್ನ ಯಾಕೆ ಕೇಳಬಾರ್ದು? ಅವನ ಕಾಲು ಹೋಗೈತೆ, ಕಣ್ಣು ಹೋಗಿಲ್ವಲ್ಲ."

ಹೋಗಿ ಕೇಳಿದೆವು. ಮೊದಲು ಒಪ್ಪಲಿಲ್ಲ. ಮೈದಾನದ ಕಡೆ ಮುಖ ಹಾಕುವುದೇ ಬಿಟ್ಟಿದ್ದೀನಣ್ಣ ಅಂದ. ಎರಡು ವಾರ ಬಿಟ್ಟು ಅವನೇ ಫೋನ್ ಮಾಡಿದ.

ಅರ್ಜಿ ಕೊಟ್ಟಿದ್ದೇವೆ, ಉತ್ತರಕ್ಕೆ ಕಾಯುತ್ತಿದ್ದೇವೆ. ನಿಮ್ಮ ಊರಲ್ಲಿ ಪಂದ್ಯಾವಳಿ ಮಾಡುವವರಿದ್ದರೆ ನಮ್ಮದೊಂದು ಮಾತು: ಟ್ರೋಫಿ ಒಂದು ಅಡಿ ಚಿಕ್ಕದಾಗಲಿ. ಉಳಿದ ದುಡ್ಡಿನಲ್ಲಿ ಹಳೆಯ ಆಟಗಾರರೊಬ್ಬರನ್ನು ಹದಿನೈದು ದಿನ ಮುಂಚೆ ಕರೆಸಿ, ಹುಡುಗರಿಗೆ ಮ್ಯಾಟ್ ಮೇಲೆ ನಡೆಯುವುದನ್ನು ಕಲಿಸಿ. ಪೆಟ್ಟಾದವನನ್ನು ಆಟದಿಂದ ಹೊರಗೆ ಕೂರಿಸುವ ಅಧಿಕಾರವನ್ನೂ ಅವರಿಗೇ ಕೊಡಿ.

ಈಗ ಭಾನುವಾರ ಬೆಳಗ್ಗೆ ಅವನು ಶಾಲೆ ಮೈದಾನದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಹನ್ನೊಂದು ಹುಡುಗರು, ನಾಲ್ಕು ಹುಡುಗಿಯರು ಬರುತ್ತಾರೆ. ಹೋದ ವಾರ ಒಬ್ಬ ಹುಡುಗ ಪಾದ ಉಳುಕಿಸಿಕೊಂಡು ಕುಂಟುತ್ತಲೇ ರೈಡಿಗೆ ಹೊರಟ. ಕುರ್ಚಿಯಿಂದ ಕೂಗು ಬಂತು. ಹುಡುಗ ಗೊಣಗಿಕೊಂಡು ಬಂದು ಕುರ್ಚಿ ಪಕ್ಕ ನೆಲದ ಮೇಲೆ ಕೂತ.