ಸಿಎನ್‌ಸಿ ಮೇಜಿನ ನಾಲ್ಕನೇ ಕಾಲು

ಏವನ್‌ಡೇಲ್ ಅಂದ್ರೆ ಆಕ್ಲೆಂಡ್‌ನಲ್ಲಿರುವ ನಮ್ಮವರಿಗೆ ಮೊದಲು ನೆನಪಾಗೋದು ರೇಸ್‌ಕೋರ್ಸ್ ಮೈದಾನದ ಭಾನುವಾರದ ಸಂತೆ. ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ ಕೊಂಡು ವಾಪಸ್ ರೈಲು ಹತ್ತುವವರೇ ಹೆಚ್ಚು. ಅದೇ ಊರಿನ ಇನ್ನೊಂದು ಮುಖ ರೋಸ್‌ಬ್ಯಾಂಕ್ ರಸ್ತೆ. ಹಿಂದೆ ತರಕಾರಿ ತೋಟಗಳಿದ್ದ ಜಾಗದಲ್ಲಿ ಈಗ ಸಾಲು ಸಾಲು ಶೆಡ್ಡುಗಳು, ಗೋದಾಮುಗಳು. ಅಲ್ಲಿನ ಒಂದು ಮರಗೆಲಸದ ವರ್ಕ್‌ಶಾಪ್‌ನಲ್ಲಿ ನಾನು ವಾರಕ್ಕೆ ಎರಡು ದಿನ ಪಾರ್ಟ್‌ಟೈಮ್ ಕೆಲಸ ಮಾಡ್ತೀನಿ. ಅಲ್ಲಿ ಕಲಿತ ಒಂದು ವಿಷಯ ಇಲ್ಲಿ ಬರೆಯುತ್ತಿದ್ದೇನೆ. ಇಂಜಿನಿಯರಿಂಗ್, ಆರ್ಕಿಟೆಕ್ಚರ್, ಡಿಸೈನ್ ಓದುತ್ತಿರುವವರಿಗೆ ಉಪಯೋಗಕ್ಕೆ ಬಂದೀತು.

ವರ್ಕ್‌ಶಾಪ್‌ನಲ್ಲಿ ಒಂದು ಸಿಎನ್‌ಸಿ ರೌಟರ್ ಇದೆ. ದೊಡ್ಡ ಮೇಜು, ಅದರ ಮೇಲೆ ಹಳಿಗಳ ಮೇಲೆ ಓಡಾಡುವ ಗ್ಯಾಂಟ್ರಿ, ಗ್ಯಾಂಟ್ರಿಗೆ ಕಟ್ಟಿದ ತಿರುಗುವ ಬಿಟ್. ಕಂಪ್ಯೂಟರ್ ಹೇಳಿದ ದಾರಿಯಲ್ಲಿ ಬಿಟ್ ಮರವನ್ನು ಕೊರೆಯುತ್ತೆ. 2400×1200 ಮಿ.ಮೀ. ಹಲಗೆ ಪೂರ್ತಿ ಮಲಗುವಷ್ಟು ಅಗಲದ ಮೇಜು. ಕಳೆದ ವರ್ಷ ಈ ಯಂತ್ರವನ್ನು ಶೆಡ್ಡಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿಸಿದರು. ಅದಾದ ಮೇಲೆ ನಮ್ಮ ಸಂಘದ ರಾಜ್ಯೋತ್ಸವಕ್ಕೆ ಒಂದು ನಾಮಫಲಕ ಕೊರೆಯೋಣ ಅಂತ ಮಾಲೀಕರ ಅನುಮತಿ ಪಡೆದೆ. ದಪ್ಪನೆಯ ಮರ, 'ವಿ' ಆಕಾರದ ಬಿಟ್, 'ಕನ್ನಡ ವಿದ್ಯಾರ್ಥಿ ಸಂಘ' ಅನ್ನೋ ಅಕ್ಷರಗಳು.

ಮೊದಲು ಒಂದು ಬೇಡದ ಹಲಗೆ ಮೇಲೆ ಪರೀಕ್ಷೆ ಮಾಡಿದೆವು. ಎಡಗಡೆಯ 'ಕನ್ನಡ' ದುಂಡುದುಂಡಗೆ ಬಂತು. ಬಲಕ್ಕೆ ಹೋದಂತೆ ಅಕ್ಷರ ಬಡಕಲಾಗ್ತಾ ಹೋಯ್ತು. 'ರ್ಥಿ'ಯಲ್ಲಿ ಥಕಾರದ ಹೊಟ್ಟೆಯೊಳಗಿನ ಚುಕ್ಕೆಯೇ ಮಾಯ! ವಿದ್ಯಾರ್ಥಿ ಹೋಗಿ 'ವಿದ್ಯಾರ್ಧಿ' ಆಗಿದ್ದ. ಕಾರಣ ಸರಳ ಲೆಕ್ಕ. 90 ಡಿಗ್ರಿಯ ವಿ-ಬಿಟ್ ಎಷ್ಟು ಆಳ ಇಳಿಯುತ್ತೋ ಅದರ ಎರಡರಷ್ಟು ಅಗಲ ಕೊರೆಯುತ್ತೆ. 1 ಮಿ.ಮೀ. ಗೆರೆ ಬೇಕಾದರೆ ಆಳ ಅರ್ಧ ಮಿ.ಮೀ. ಆ ತುದಿಯಲ್ಲಿ ಮರ 0.4 ಮಿ.ಮೀ. ಕೆಳಗಿದ್ದರೆ ಉಳಿಯೋದು 0.2 ಮಿ.ಮೀ. ಅಗಲದ ಗೀರು ಮಾತ್ರ. ಇಂಗ್ಲಿಷಿನ ದಪ್ಪ ಅಕ್ಷರಗಳಾಗಿದ್ದರೆ ಬಹುಶಃ ಯಾರಿಗೂ ಗೊತ್ತಾಗ್ತಿರಲಿಲ್ಲ. ನಮ್ಮ ಒತ್ತು, ಚುಕ್ಕೆ, ಸೀಳುಗಳು ಸುಳ್ಳು ಹೇಳಲು ಬಿಡೋದಿಲ್ಲ.

ಮಾಲೀಕರಿಗೆ ಸ್ಪಿಂಡಲ್ ಮೇಲೆ ಅನುಮಾನ. ಹೊಸದು ಹಾಕಿಸೋಣ ಅನ್ನೋ ಮಾತೂ ಬಂತು. ಇನ್ನೊಬ್ಬರು ಮೇಜಿನ ಮೇಲಿನ ಎಂಡಿಎಫ್ ಪದರವನ್ನು ಅದೇ ಯಂತ್ರದಿಂದ ಒಮ್ಮೆ ಕೆರೆದುಬಿಟ್ಟರೆ ಸಾಕು ಅಂದರು. ಇದು ಎಲ್ಲರೂ ಮಾಡುವ ಕೆಲಸವೇ. ಬಿಟ್ ಓಡಾಡುವ ದಾರಿಗೆ ಸಮನಾಗಿ ಮೇಜು ತಯಾರಾಗುತ್ತೆ. ಆದರೆ ದಾರಿಯೇ ಡೊಂಕಾಗಿದ್ದರೆ ಮೇಜೂ ಅಷ್ಟೇ ಡೊಂಕಾಗುತ್ತೆ. ತೆಳು ಹಲಗೆ ಬಗ್ಗಿ ಅದಕ್ಕೆ ಅಂಟಿಕೊಳ್ಳಬಹುದು, ದಪ್ಪ ಮರ ಬಗ್ಗಲ್ಲ.

ಅಲ್ಲಿ ತುಮಕೂರು ಕಡೆಯ ಹಿರಿಯರೊಬ್ಬರು ಕೆಲಸ ಮಾಡ್ತಾರೆ. ನಾನು ಅಣ್ಣ ಅಂತಲೇ ಕರೆಯೋದು. ಅವರು ಯಂತ್ರ ನೋಡಲಿಲ್ಲ, ನೆಲ ನೋಡಿದರು. "ನೋಡಪ್ಪ, ಮೂರು ಕಲ್ಲಿನ ಒಲೆ ಎಲ್ಲಿಟ್ರೂ ಅಲ್ಲಾಡಲ್ಲ. ನಾಲ್ಕು ಕಾಲಿಂದೇ ತಾಪತ್ರಯ" ಅಂದರು.

"ಆದ್ರೆ ಇದು ಅಲ್ಲಾಡ್ತಿಲ್ವಲ್ಲಣ್ಣ?"

"ಅದೇ ಮೋಸ. ಹೋಟ್ಲು ಮೇಜು ಹಗುರ, ಅಲ್ಲಾಡಿ ಹೇಳುತ್ತೆ. ಇದು ಭಾರ. ತಾನೇ ತಿರುಚ್ಕೊಂಡು ನಾಲ್ಕು ಕಾಲೂ ಊರಿಬಿಡುತ್ತೆ."

ಇಡೀ ವಿಷಯ ಆ ಒಂದು ಮಾತಿನಲ್ಲಿದೆ. ಶೆಡ್ಡಿನ ಕಾಂಕ್ರೀಟ್ ನೆಲ ನೀರು ಹೋಗಲಿ ಅಂತ ಬಾಗಿಲ ಕಡೆ ಇಳಿಜಾರಾಗಿತ್ತು. ಇಳಿಜಾರು ಎಲ್ಲ ಕಡೆ ಒಂದೇ ಸಮ ಇದ್ದಿದ್ದರೆ ತೊಂದರೆ ಇರಲಿಲ್ಲ. ರೌಟರ್‌ಗೆ ಮೇಜು ಭೂಮಿಗೆ ಸಮನಾಗಿರಬೇಕು ಅಂತೇನಿಲ್ಲ. ಹಡಗಿನೊಳಗಿನ ವರ್ಕ್‌ಶಾಪ್‌ಗಳಲ್ಲೂ ಯಂತ್ರಗಳು ಕೆಲಸ ಮಾಡ್ತವೆ. ಚೌಕಟ್ಟು ತಿರುಚಿರಬಾರದು, ಅಷ್ಟೇ. ಮಾಮೂಲಿ ರಸಮಟ್ಟ ಇದನ್ನು ಹಿಡಿಯೋದು ಕಷ್ಟ. ಸಾಮಾನ್ಯವಾಗಿ ಅದರ ನಿಖರತೆ ಮೀಟರಿಗೆ ಅರ್ಧ ಮಿ.ಮೀ. ಆಸುಪಾಸು.

ಅಣ್ಣ ದಾರದಿಂದ ಹಿಡಿದರು. ಚೌಕಟ್ಟಿನ ನಾಲ್ಕು ಮೂಲೆಗೆ ಒಂದೇ ಎತ್ತರದ ನಾಲ್ಕು ಮರದ ತುಂಡು. ಅವುಗಳ ಮೇಲೆ ಮೂಲೆಯಿಂದ ಮೂಲೆಗೆ ಬಿಗಿಯಾಗಿ ಎರಡು ದಾರ. ನಡುವೆ ಎರಡೂ ಸುಮ್ಮನೆ ತಾಗಬೇಕು. ಮೇಲಿನ ದಾರವನ್ನು ಕೆಳಗೆ ಹಾಕಿ ಮತ್ತೊಮ್ಮೆ ನೋಡಬೇಕು, ಇಲ್ಲದಿದ್ದರೆ ಒಂದನ್ನೊಂದು ಒತ್ತುತ್ತಿರೋದು ತಿಳಿಯಲ್ಲ. ನಮ್ಮಲ್ಲಿ ಸುಮಾರು 1 ಮಿ.ಮೀ. ಅಂತರ ಇತ್ತು. ಅಂದ್ರೆ ಒಂದು ಮೂಲೆ ಉಳಿದ ಮೂರಕ್ಕಿಂತ 2 ಮಿ.ಮೀ. ತಗ್ಗು.

ಆಮೇಲೆ ಕ್ರಮವಾಗಿ ಕೆಲಸ. ಚಕ್ರಗಳ ಮೇಲೆ ಭಾರ ಬಿಡದೆ ತಿರುಪಿನ ಪಾದಗಳ ಮೇಲೆ ಇಳಿಸಿದೆವು. ಪಾದದಡಿ ಉಕ್ಕಿನ ತಗಡು ಇಟ್ಟೆವು, ಮರದ ಬೆಣೆ ಭಾರಕ್ಕೆ ದಿನೇ ದಿನೇ ನಜ್ಜಾಗುತ್ತೆ. ತಗ್ಗಿದ ಮೂಲೆಯನ್ನು ದಾರಗಳು ತಾಗುವ ತನಕ ಎತ್ತಿದೆವು. ಪ್ರತಿ ಪಾದದಡಿ ಕಾಗದ ತೂರಿಸಿ ಎಳೆದು ನೋಡಿದೆವು. ಕಾಗದ ಸಲೀಸಾಗಿ ಬಂದರೆ ಆ ಕಾಲು ಭಾರ ಹೊತ್ತಿಲ್ಲ ಅಂತ ಅರ್ಥ. ನಡುವಿನ ಕಾಲುಗಳ ಸರದಿ ಕೊನೆಗೆ. ಅವೂ ಬೇಕೇ ಬೇಕು, ಯಾಕಂದ್ರೆ ಆಸರೆಗಳ ಅಂತರ ಎರಡರಷ್ಟಾದರೆ ನಡುವೆ ಬೀಳುವ ಅದೇ ಭಾರಕ್ಕೆ ತೊಲೆ ಎಂಟರಷ್ಟು ಬಾಗುತ್ತೆ. ಒಂದು 18 ಮಿ.ಮೀ. ಎಂಡಿಎಫ್ ಹಲಗೆಯೇ 35 ಕೆ.ಜಿ. ಮೀರುತ್ತೆ. ಆದರೆ ನಡುಗಾಲನ್ನು ಜಾಸ್ತಿ ಎತ್ತಿದರೆ ಮೇಜು ಬೆನ್ನುಬ್ಬಿಸುತ್ತೆ. ತಾಗಿಸಿ, ಸ್ವಲ್ಪ ಬಿಗಿ ಮಾಡಿ, ನಿಲ್ಲಿಸಬೇಕು. ಇದೆಲ್ಲ ಮುಗಿದ ಮೇಲೆ ಮಾತ್ರ ಎಂಡಿಎಫ್ ಪದರ ಕೆರೆದದ್ದು.

ಹೊಸ ಸ್ಪಿಂಡಲ್ ಕೊಳ್ಳಲಿಲ್ಲ. ಫಲಕದಲ್ಲಿ 'ಥ' ತನ್ನ ಚುಕ್ಕೆಯ ಸಮೇತ ಬಂತು. ರಾಜ್ಯೋತ್ಸವದ ದಿನ ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು.

ಒಮ್ಮೆ ಮಾಡಿ ಮರೆಯುವ ಕೆಲಸ ಇದಲ್ಲ. ಆಕ್ಲೆಂಡ್‌ನ ಚಳಿಗಾಲದ ತೇವಕ್ಕೆ ಎಂಡಿಎಫ್ ಉಬ್ಬುತ್ತೆ, ಬೇಸಿಗೆಯಲ್ಲಿ ಕುಗ್ಗುತ್ತೆ. ಋತು ಬದಲಾದಾಗ, ಯಂತ್ರ ಸರಿಸಿದಾಗ ದಾರ ಕಟ್ಟಿ ನೋಡೋದು ಈಗ ನಮ್ಮಲ್ಲಿ ರೂಢಿ. ಹತ್ತು ನಿಮಿಷದ ಕೆಲಸ, ಖರ್ಚು ಒಂದು ಉಂಡೆ ದಾರ. ನಿಮ್ಮ ಯೂನಿವರ್ಸಿಟಿ ವರ್ಕ್‌ಶಾಪ್‌ನಲ್ಲಿ ರೌಟರ್ ಒಂದು ತುದಿಯಲ್ಲಿ ಆಳ, ಇನ್ನೊಂದು ತುದಿಯಲ್ಲಿ ಮೇಲುಮೇಲೆ ಕೊರೆಯುತ್ತಿದ್ದರೆ ಸಾಫ್ಟ್‌ವೇರ್ ಸೆಟ್ಟಿಂಗ್ ಕೆದಕುವ ಮುಂಚೆ ಒಮ್ಮೆ ಬಗ್ಗಿ ಅದರ ಕಾಲು ನೋಡಿ.