ಧರೂರಿನ ತಟ್ಟೆಯಲ್ಲಿ ಎರಡು ನುಡಿ

ಕೆಲವು ಊರುಗಳ ಹೆಸರನ್ನು ಅಲ್ಲಿನ ಊಟವೇ ದೂರದೇಶಗಳಿಗೆ ಒಯ್ಯುತ್ತದೆ. ಫ್ರಾನ್ಸಿನ ರೋಕ್‌ಫೋರ್ ಎಂಬ ಚಿಕ್ಕ ಹಳ್ಳಿಯನ್ನು ಲೋಕವು ಬಲ್ಲುದು ಅದರ ಚೀಸಿನಿಂದ. ಕೃಷ್ಣಾತೀರದ ಜೂರಾಲವನ್ನು ಹೈದರಾಬಾದಿನ ಪ್ರವಾಸಿಗರು ಬಲ್ಲುದು ಅದರ ಮೀನಿನಿಂದ. ಆ ಜಲಾಶಯದ ಅಣೆಕಟ್ಟು ಧರೂರು ಮಂಡಲದ ರೇವುಲಪಲ್ಲಿಯ ಬಳಿ ಇದೆ. ಮಕ್ತಲ್ ಸೀಮೆಯ ಕನ್ನಡ ಕುಟುಂಬಗಳು ಬೆಳಿಗ್ಗೆ ಹೊರಟರೆ ಎಲ್ಲವನ್ನೂ ನೋಡಿಕೊಂಡು ಸಂಜೆಗೆ ಮನೆ ಸೇರಬಹುದು.

ಈ ನೆಲಕ್ಕೂ ಕನ್ನಡಕ್ಕೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ. ಹೈದರಾಬಾದ್ ರಾಜ್ಯದ ಕಾಲದಲ್ಲಿ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಅವು ಆಂಧ್ರಪ್ರದೇಶಕ್ಕೆ ಬಂದವು. ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು. ಗಡಿ ಬದಲಾಯಿತು, ಅಡುಗೆ ಬದಲಾಗಲಿಲ್ಲ.

ಬೆಳಗಿನ ಉಪಾಹಾರವೇ ಇದಕ್ಕೆ ಸಾಕ್ಷಿ. ನೆನೆಸಿ ಹಿಂಡಿದ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಒಗ್ಗರಿಸಿ, ಮೇಲೆ ಪುಟಾಣಿ ಪುಡಿ ಉದುರಿಸಿ, ಬಿಸಿ ಮಿರ್ಚಿಯೊಡನೆ ಕೊಡುವ ತಿನಿಸನ್ನು ರಾಯಚೂರಿನವರು ಒಗ್ಗರಣಿ ಎನ್ನುತ್ತಾರೆ; ತೆಲುಗರು ಉಗ್ಗಾನಿ ಎನ್ನುತ್ತಾರೆ. ಮಧ್ಯಾಹ್ನದ ಊಟದಲ್ಲಿಯೂ ಹಾಗೆಯೇ. ಕನ್ನಡದ ಜೋಳದ ರೊಟ್ಟಿ ತೆಲುಗಿನಲ್ಲಿ ಜೊನ್ನ ರೊಟ್ಟೆ. ನಮ್ಮ ಪುಂಡಿಪಲ್ಯ ತೆಲಂಗಾಣದವರಿಗೆ ಪುಂಟಿಕೂರ. ಹಾಲು ಪಾಲಾಗುತ್ತದೆ, ಹುಳಿ ಪುಲುಸಾಗುತ್ತದೆ. ಕನ್ನಡದ ಪಕಾರವು ಹಿಂದೆ ಹಕಾರವಾಯಿತೆಂದು ಶಾಲೆಯಲ್ಲಿ ಓದಿದ ಮಕ್ಕಳಿಗೆ ಆ ಪಾಠವು ಇಲ್ಲಿ ಎಲೆಯ ಮೇಲೆಯೇ ಬಡಿಸಿರುತ್ತದೆ. ರೇವುಲಪಲ್ಲಿಯ 'ಪಲ್ಲಿ'ಯೂ ನಮ್ಮ 'ಹಳ್ಳಿ'ಯೂ ಒಂದೇ ಬಳ್ಳಿಯ ಕಾಯಿಗಳು.

ಕೃಷ್ಣೆಯು ಕರ್ನಾಟಕವನ್ನು ದಾಟಿ ತೆಲಂಗಾಣವನ್ನು ಹೊಕ್ಕ ಮೇಲೆ ಸಿಗುವ ಮೊದಲ ಅಣೆಕಟ್ಟು ಪ್ರಿಯದರ್ಶಿನಿ ಜೂರಾಲ. 1981ರಲ್ಲಿ ಇದಕ್ಕೆ ಅಡಿಗಲ್ಲು ಬಿದ್ದಿತು. ತಲಾ 39 ಮೆಗಾವಾಟಿನ ಆರು ಘಟಕಗಳಿರುವ ಇಲ್ಲಿನ ವಿದ್ಯುದಾಗಾರದ ಉತ್ಪಾದನೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. ಮಳೆಗಾಲದಲ್ಲಿ ಮೇಲಿನ ನಾರಾಯಣಪುರದಿಂದ ನೀರು ಹರಿದು ಬಂದಾಗ ಸಾಲುಬಾಗಿಲುಗಳು ತೆರೆಯುತ್ತವೆ. ನೊರೆಯ ಭೋರ್ಗರೆತ ಬಹುದೂರ ಕೇಳುತ್ತದೆ. ಬೇಸಿಗೆಯಲ್ಲಿ ಅದೇ ಪಾತ್ರದಲ್ಲಿ ಬಂಡೆಗಳಷ್ಟೇ ಎದ್ದು ತೋರುತ್ತವೆ.

ಅಣೆಕಟ್ಟಿನ ಬಳಿಯ ಅಂಗಡಿಗಳಲ್ಲಿ ಖಾರ ಹಚ್ಚಿದ ಮೀನಿನ ತುಂಡುಗಳು ಎಣ್ಣೆಯಲ್ಲಿ ಕರಿದು ಕೆಂಪಾಗುತ್ತವೆ. ಪಕ್ಕದಲ್ಲಿ ಹುಣಸೆಯ ಹುಳಿ ಹಾಕಿದ ಮೀನುಸಾರು. ನದಿಯಲ್ಲಿ ಬಲೆ ಬೀಸುವವರ ಹರಿಗೋಲಿಗೆ ಇಲ್ಲಿ ಪುಟ್ಟಿ ಎಂದು ಹೆಸರು. ಮೀನು ತಿನ್ನದವರಿಗೆ ರೊಟ್ಟಿ, ಎಣ್ಣೆಗಾಯಿ, ಶೇಂಗಾದ ಚಟ್ನಿಯ ಬುತ್ತಿಯೇ ಲೇಸು. ನದೀತೀರದಲ್ಲಿ ಬಿಚ್ಚಿದ ಬುತ್ತಿಗೆ ಮನೆಯಲ್ಲಿಲ್ಲದ ರುಚಿ ಬರುತ್ತದೆ.

ಬಿಸಿಲು ಇಳಿದ ಮೇಲೆ ಗುಡೆಂದೊಡ್ಡಿಯತ್ತ ಹೋಗಬಹುದು. ದನಗಳನ್ನು ಕೂಡುವ ತಾಣವೆಂಬ ಅರ್ಥದ 'ದೊಡ್ಡಿ' ರಾಯಚೂರು ಸೀಮೆಯ ಅನೇಕ ಹಳ್ಳಿಗಳ ಹೆಸರಿನಲ್ಲಿಯೂ ಇದೆ. ನೆಟ್ಟೆಂಪಾಡು ಏತ ನೀರಾವರಿಯ ಜಲಾಶಯವೊಂದು ಇಲ್ಲಿದೆ. ಜೂರಾಲದ ಕಾಲುವೆಗಳಿಂದಲೇ ಸುಮಾರು 1 ಲಕ್ಷ ಎಕರೆ ನೀರು ಕಾಣುತ್ತದೆ. ಮಳೆಯನ್ನೇ ನಂಬಿದ ಹೊಲದಲ್ಲಿ ಜೋಳ, ಸಜ್ಜೆ ಬೆಳೆಯುತ್ತಿದ್ದ ನಾಡಿಗೆ ಕಾಲುವೆಯೊಡನೆ ಭತ್ತ ಬಂದಿತು. ನೀರು ಬಂದ ರೈತನಿಗೆ ಭತ್ತ ಬೇಡವೆನ್ನಲು ಯಾರಿಗೂ ಅಧಿಕಾರವಿಲ್ಲ. ಬರಗಾಲವನ್ನು ಕಂಡವರಿಗೆ ಹಸಿರು ಗದ್ದೆಯ ಬೆಲೆ ಗೊತ್ತು. ಆದರೆ ಹೊಲದಿಂದ ಜೋಳ ಹೋದರೆ ಅದರ ಹಿಂದೆಯೇ ಸೊಪ್ಪೆ, ಬಣವೆ, ಸೀತನಿ ಎಂಬ ಮಾತುಗಳೂ ಮನೆಯಿಂದ ಹೋಗುತ್ತವೆ. ಎಳೆಯ ತೆನೆಯನ್ನು ಸುಟ್ಟು ಉಜ್ಜಿ ತಿನ್ನುವ ಸೀತನಿಯನ್ನು ಕಾಣದ ಮಗುವಿಗೆ ಆ ಪದವನ್ನು ನಿಘಂಟಿನಿಂದ ಕಲಿಸಬೇಕಾಗುತ್ತದೆ.

ಮನೆಯಲ್ಲೊಂದು ನುಡಿ, ಬೀದಿಯಲ್ಲೊಂದು ನುಡಿ ಕೇಳಿ ಬೆಳೆಯುವ ಮಕ್ಕಳು ತಮ್ಮ ಕನ್ನಡವನ್ನು ಕೆಲವೊಮ್ಮೆ ಹೊರಗಿನದೆಂದು ತಿಳಿದು ನಾಚುವುದುಂಟು. ಅಂಥವರನ್ನು ಧರೂರಿನ ಒಲೆಯೊಂದರ ಮುಂದೆ ಕೂರಿಸಬೇಕು. ತಟ್ಟೆಗೆ ಬಿದ್ದ ಪ್ರತಿಯೊಂದು ಪದಾರ್ಥಕ್ಕೂ ಎರಡು ಹೆಸರು ಹೇಳಬಲ್ಲವರು ಅಲ್ಲಿ ಅವರೇ.